ಅಯಸ್ಕಾಂತದ ಬಾಯಿಗೆ ಹೋದ ಪಿನ್ನು

ಕಿನ್‌ಮೊಕುಸೇಯಿ ಹೂವಿನ ವಾಸನೆ ಬಂದ ಕೂಡಲೇ ನನ್ನ ಬಲಗೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಸರವನ್ನು ಒಂದು ಸುತ್ತು ತಡವಿ, ಅದಕ್ಕೆ ಏನೂ ಸಿಕ್ಕಿಸಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೈ ಕೆಳಗಿಳಿಯುವುದು. ಹೋದ ತಿಂಗಳು, ಜಪಾನಿನಲ್ಲಿ ನಾನೀಗ ಕೆಲಸದಲ್ಲಿರುವ ಒಕಾಜಾಕಿಯಿಂದ ಒಂದು ಸಭೆಗೆಂದು ತ್ಸುಕುಬಾಕ್ಕೆ ಹೋಗಿದ್ದಾಗಲೂ ಹಾಗೇ ಆಯಿತು. ನಿಲ್ದಾಣ ದಾಟಿ ಸೈಕಲ್ ದಾರಿಗೆ ತಿರುಗಿದ್ದೆವು. ಯಾವುದೋ ಬೇಲಿಯ ಆಚೆಯಿಂದ ವಾಸನೆ ಬಂತು. ಕಿತ್ತಳೆ ಬಣ್ಣದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹೂವು ಅದು. ಮರ ಕಣ್ಣಿಗೆ ಬೀಳುವ ಮೊದಲೇ ಬೀದಿಯಲ್ಲಿ ಯಾರೋ ಹಣ್ಣಿನ ಪಾನಕ ಚೆಲ್ಲಿದ ಹಾಗಿರುತ್ತದೆ. ಮಳೆಗಾಲದ ಜಿಗುಟು ಮುಗಿದು ಚಳಿ ಶುರುವಾಗುವ ನಡುವೆ, ವರ್ಷಕ್ಕೆ ಹತ್ತು ದಿನ ಅಷ್ಟೇ.

ಜೊತೆಯಲ್ಲಿದ್ದ ನನ್ನ ವಿದ್ಯಾರ್ಥಿನಿ ಗಾಬರಿಯಾಗಿ, "ಏನಾಯ್ತು ಮ್ಯಾಮ್? ಚೈನ್ ಬಿತ್ತಾ?" ಅಂದಳು.

"ಇಲ್ಲಮ್ಮ, ಇದೆ" ಅಂದೆ. ಬೀದಿಯಲ್ಲಿ ನಿಂತು ಹೇಳಿ ಮುಗಿಸುವ ಕತೆಯಲ್ಲ ಅದು. ಅಲ್ಲದೆ ಗುರುವಾದವಳು ಶಿಷ್ಯೆಯ ಮುಂದೆ ತನ್ನ ದಡ್ಡತನವನ್ನೂ ಹೇಡಿತನವನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ.

ಐದಾರು ವರ್ಷದ ಹಿಂದಿನ ಮಾತು. ತ್ಸುಕುಬಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಕರಾರಿನ ಮೇಲೆ ಕೆಲಸಕ್ಕಿದ್ದೆ. ಅದು ನನ್ನ ಮೂರನೆಯ ವರ್ಷ. ನಾಲ್ಕನೆಯ ವರ್ಷ ಉಂಟೋ ಇಲ್ಲವೋ ಎಂಬುದು ಆ ಅಕ್ಟೋಬರಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಗಂಡ ಪ್ರಸನ್ನನಿಗೆ ಟೋಕಿಯೋದ ಕೋಟೋದಲ್ಲಿ ಸಾಫ್ಟ್‌ವೇರ್ ಕೆಲಸ. ದಿನಾ ಬೆಳಿಗ್ಗೆ ರೈಲಿನಲ್ಲಿ ನಿಂತೇ ನಿದ್ದೆ ಮಾಡಿಕೊಂಡು ಹೋಗಿ ಬರುತ್ತಿದ್ದ. ನನ್ನ ಕರಾರು ಮುಂದುವರಿಯದಿದ್ದರೆ ನಾನು ಮನೆಯಲ್ಲಿ ಕೂರಬೇಕು, ಇಲ್ಲವೇ ಮೈಸೂರಿಗೆ ಹೋಗಿ ಮತ್ತೆ ಅರ್ಜಿ ಹಾಕುವುದರಿಂದ ಶುರು ಮಾಡಬೇಕು. ಮೂವತ್ತಾರನೆಯ ವಯಸ್ಸಿನಲ್ಲಿ ಅದು ಯಾರಿಗೆ ಬೇಕು?

ನಮ್ಮ ಕೋಣೆಯಲ್ಲಿದ್ದದ್ದು ಆಳೆತ್ತರಕ್ಕಿಂತ ದೊಡ್ಡ ಅಯಸ್ಕಾಂತ. ಅಯಸ್ಕಾಂತ ಅಂದರೆ ಕುದುರೆಲಾಳವೆಂದುಕೊಳ್ಳಬೇಡಿ. ಶಾಲೆಯಲ್ಲಿ ಮೊಳೆಗೆ ತಂತಿ ಸುತ್ತಿ ಬ್ಯಾಟರಿಗೆ ಸೇರಿಸಿ ಮಾಡುವ ವಿದ್ಯುತ್ಕಾಂತದ್ದೇ ವಂಶ. ತಂತಿಯಲ್ಲಿ ವಿದ್ಯುತ್ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಸುತ್ತು ಹೆಚ್ಚಿದಷ್ಟೂ, ವಿದ್ಯುತ್ ಹೆಚ್ಚಿದಷ್ಟೂ ಕ್ಷೇತ್ರ ಬಲವಾಗುತ್ತದೆ. ಆದರೆ ಸಾಮಾನ್ಯ ತಂತಿಗೆ ಒಂದು ಮಿತಿಯಿದೆ, ಹೆಚ್ಚು ವಿದ್ಯುತ್ ಹರಿಸಿದರೆ ಕಾದು ಕೆಂಪಾಗುತ್ತದೆ. ನಮ್ಮದರ ತಂತಿ ಬೇರೆ ಜಾತಿಯದು. ಅದನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ತಣ್ಣಗಾಗಿಸಿದರೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ಒಮ್ಮೆ ವಿದ್ಯುತ್ ಹರಿಸಿ ತುದಿಗಳನ್ನು ಕೂಡಿಸಿಬಿಟ್ಟರೆ ಹೊರಗಿನ ಸರಬರಾಜು ಕಿತ್ತುಹಾಕಿದರೂ ಅದು ಸುರುಳಿಯೊಳಗೆ ತಿರುಗುತ್ತಲೇ ಇರುತ್ತದೆ. ಸ್ವಿಚ್ ಆರಿಸಿದರೆ ನಿಲ್ಲುತ್ತದೆ ಎಂಬ ಮಾತೇ ಇಲ್ಲ. ಇಳಿಸಬೇಕಾದರೆ ಮತ್ತೆ ಸರಬರಾಜು ಜೋಡಿಸಿ, ಗಂಟೆಗಟ್ಟಲೆ ಕಾದು, ಮಲಗಿದ ಮಗುವಿನ ತೊಟ್ಟಿಲು ನಿಲ್ಲಿಸುವ ಹಾಗೆ ಇಳಿಸಬೇಕು. ಅವಸರ ಮಾಡಿದರೆ ಸುರುಳಿ ಬಿಸಿಯಾಗಿ ಹೀಲಿಯಂ ಎಲ್ಲ ಕುದಿದು ಹಾರಿಹೋಗುತ್ತದೆ.

ಅದನ್ನು ನೋಡಿಕೊಳ್ಳುತ್ತಿದ್ದವರು ಇಶಿಕಾವಾ ಸಾನ್. ಸಾನ್ ಅಂದರೆ ಅಲ್ಲಿ ಮರ್ಯಾದೆಗೆ ಹೆಸರಿಗೆ ಸೇರಿಸುವ ಮಾತು. ಅರವತ್ತನಾಲ್ಕು ವಯಸ್ಸು, ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ನೀಲಿ ಅಂಗಿ. ಮುಂದಿನ ಮಾರ್ಚಿಗೆ ನಿವೃತ್ತಿ. ಆ ಯಂತ್ರದ ಪಂಪು ಸ್ವಲ್ಪ ಸದ್ದು ಬದಲಿಸಿದರೂ ಪಕ್ಕದ ಕೋಣೆಯಲ್ಲಿ ಕೂತು ಕತ್ತೆತ್ತುತ್ತಿದ್ದರು. ನನ್ನ ಅರೆಬರೆ ಜಪಾನಿಗೂ ಅವರ ಅರೆಬರೆ ಇಂಗ್ಲಿಷಿಗೂ ಹೇಗೋ ಹೊಂದಾಣಿಕೆಯಾಗಿತ್ತು. ಇಲ್ಲಿ ಅವರ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.

ಆ ಕೋಣೆಗೆ ಹೋಗಲು ಒಂದು ಕ್ರಮವಿತ್ತು. ನೆಲದ ಮೇಲೆ ಹಳದಿ ಗೆರೆ. ಗೆರೆ ದಾಟುವ ಮೊದಲು ಬೀಗದ ಕೈ, ಗಡಿಯಾರ, ಫೋನು, ಬ್ಯಾಂಕ್ ಕಾರ್ಡು ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಗೋಡೆಯ ಮೇಲಿನ ಪಟ್ಟಿಯ ಪ್ರಕಾರ ಒಂದೊಂದನ್ನೂ ಬೆರಳಿನಿಂದ ತೋರಿಸಿ, ಗಟ್ಟಿಯಾಗಿ ಹೇಳಬೇಕು. "ಬೀಗದ ಕೈ, ಇಲ್ಲ! ಗಡಿಯಾರ, ಇಲ್ಲ! ಯೋಶಿ!" ಯೋಶಿ ಅಂದರೆ ಸರಿಯಿದೆ ಎಂದು. ರೈಲು ಓಡಿಸುವವರು ಸಿಗ್ನಲ್ಲಿಗೆ ಬೆರಳು ತೋರಿಸಿ ಕೂಗುತ್ತಾರಲ್ಲ, ಅದೇ ಪದ್ಧತಿ. ಮೊದಮೊದಲು ನನಗೆ ನಗು ಬರುತ್ತಿತ್ತು. ಪಿಎಚ್‌ಡಿ ಮಾಡಿದವಳು ಒಂಟಿಯಾಗಿ ಗೋಡೆಯ ಮುಂದೆ ನಿಂತು ಸ್ವಂತ ಜೇಬಿಗೆ ಬೆರಳು ತೋರಿಸಿ ಕೂಗುವುದೇ? ಇಶಿಕಾವಾ ಸಾನ್ ಮಾತ್ರ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪೂರ್ತಿ ಪಟ್ಟಿಯನ್ನು ಕೂಗುತ್ತಿದ್ದರು. "ಬೆರಳು ಹೋದ ಕಡೆ ಕಣ್ಣು ಹೋಗಬೇಕು, ವಸುಧಾ ಸಾನ್. ಬರೀ ಬೆರಳು ಹೋದರೆ ಏನು ಉಪಯೋಗ?" ಎಂದು ಒಂದೆರಡು ಸಲ ಹೇಳಿದ್ದರು.

ನಾನು ಸೇರಿದ ಮೊದಲ ದಿನ ನನ್ನ ಮಾಂಗಲ್ಯದ ಸರ ನೋಡಿ, ಬಹಳ ಸಂಕೋಚದಿಂದ, "ಇದನ್ನು ತೆಗೆಯಲು ಆಗುತ್ತದೆಯೇ?" ಎಂದು ಕೇಳಿದ್ದರು. ನಾನು ಮುಖ ಚಿಕ್ಕದು ಮಾಡಿದೆ ಅಂತ ಕಾಣುತ್ತದೆ. ಕೂಡಲೇ ಡ್ರಾಯರಿನಿಂದ ಪುಟ್ಟ ಅಯಸ್ಕಾಂತ ತಂದು, ನನಗೇ ಕೊಟ್ಟು, ಸರದ ಉದ್ದಕ್ಕೂ ಹಿಡಿದು ನೋಡಲು ಹೇಳಿದರು. ಎಲ್ಲೂ ಎಳೆಯಲಿಲ್ಲ. ಆ ಮೇಲೆ ಪಟ್ಟಿಯ ಕೊನೆಯಲ್ಲಿ, ತಮ್ಮ ದುಂಡು ಅಕ್ಷರದಲ್ಲಿ, "ವಸುಧಾ ಸಾನ್: ಸರ, ಚಿನ್ನ, ಸರಿ" ಎಂದು ಒಂದು ಸಾಲು ಸೇರಿಸಿದರು. ಅಂಥವರು.

ಆ ವರ್ಷ ಹೂವು ಬಿಟ್ಟ ವಾರ, ಒಂದು ಶನಿವಾರ, ಹತ್ತಿರದ ಶಾಲೆಯ ಐದನೇ ತರಗತಿಯ ಮಕ್ಕಳು ನಮ್ಮ ಕೋಣೆ ನೋಡಲು ಬಂದರು. ಹಿಂದಿನ ದಿನ ಚಂಡಮಾರುತದ ಬಾಲ ಹಾದುಹೋಗಿ ಆಕಾಶ ತೊಳೆದಿಟ್ಟ ಹಾಗಿತ್ತು. ಅಯಸ್ಕಾಂತವನ್ನು ಪೂರ್ತಿ ಇಳಿಸಿದ್ದೆವು. ಪಾಠ ಹೇಳುವ ಕೆಲಸ ನನ್ನದು, ಮಕ್ಕಳನ್ನು ಇಬ್ಬಿಬ್ಬರಂತೆ ಮೆಟ್ಟಿಲು ಹತ್ತಿಸಿ, ಯಂತ್ರದ ನೆತ್ತಿಯ ಮೇಲಿರುವ ಕೊಳವೆಯೊಳಗೆ ಇಣುಕಿಸುವ ಕೆಲಸ ಇಶಿಕಾವಾ ಸಾನ್ ಅವರದು. ತೋಳಿಗೆ 'ಮಾರ್ಗದರ್ಶಿ' ಎಂದು ಬರೆದ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು.

ನಾನು ಬಾಚಣಿಗೆಯನ್ನು ಸ್ವೆಟರಿಗೆ ತಿಕ್ಕಿ ಕಾಗದದ ಚೂರು ಎತ್ತಿಸಿದೆ. ಇದು ನಿಂತ ವಿದ್ಯುದಂಶದ ಸೆಳೆತ ಅಂದೆ. ಮೊಳೆಗೆ ತಂತಿ ಸುತ್ತಿ ಕ್ಲಿಪ್ಪು ಎತ್ತಿಸಿದೆ; ಇದು ಹರಿಯುವ ವಿದ್ಯುತ್ತಿನ ಸೆಳೆತ ಅಂದೆ. ಬ್ಯಾಟರಿ ತೆಗೆದಾಗ ಕ್ಲಿಪ್ಪುಗಳು ಬಿದ್ದವು, ಮಕ್ಕಳು "ಓ" ಅಂದರು. ಎರಡು ಜಡೆಯ ಹುಡುಗಿಯೊಬ್ಬಳು ಕೈಯೆತ್ತಿ, ನನ್ನ ಸರ ಯಾಕೆ ಅಂಟಿಕೊಳ್ಳುವುದಿಲ್ಲ ಎಂದು ಕೇಳಿದಳು.

ಅಂಥ ಪ್ರಶ್ನೆಗೇ ಕಾದು ಕೂತಿದ್ದವಳು ನಾನು. ಪ್ರತಿ ಇಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಚಿನ್ನದಲ್ಲಿ ಒಂದು ಹೆಚ್ಚುಕಡಿಮೆ ಇನ್ನೊಂದಕ್ಕೆ ತಲೆಕೆಳಗಾಗಿ ಜೋಡಿಯಾಗಿ ನಿಂತಿರುತ್ತದೆ, ಒಬ್ಬರ ಬಲ ಇನ್ನೊಬ್ಬರು ಅಳಿಸಿಹಾಕುತ್ತಾರೆ. ಕಬ್ಬಿಣದಲ್ಲಿ ಕೆಲವಕ್ಕೆ ಜೋಡಿಯಿಲ್ಲ, ಅವು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ, ಹೊರಗಿನ ಕ್ಷೇತ್ರ ಬಂದರೆ ಎಲ್ಲ ಗುಂಪೂ ಅತ್ತ ತಿರುಗುತ್ತವೆ. ಇಷ್ಟನ್ನೂ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ತಿರುಗಿಸಿ ತೋರಿಸಿದೆ. ಕೊನೆಗೆ ಪುಟ್ಟ ಅಯಸ್ಕಾಂತವನ್ನು ಸರದ ಮೇಲೆ ಆಡಿಸಿ, "ನೋಡಿ, ನಾನು ಇದನ್ನು ಹಾಕಿಕೊಂಡು ಆ ದೊಡ್ಡದರ ಹತ್ತಿರವೂ ಹೋಗಬಹುದು" ಎಂದು ಬೀಗಿದೆ. ಶಿಕ್ಷಕಿ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಭಾನುವಾರ ಅಲ್ಲಿದ್ದ ನಮ್ಮ ಊರಿನವರ ನವರಾತ್ರಿ ಕೂಟ. ಬಡಾವಣೆಯ ಸಮುದಾಯ ಭವನದ ಒಂದು ಕೋಣೆ ಬಾಡಿಗೆಗೆ ಹಿಡಿದು, ಮೇಜುಗಳನ್ನು ಮೆಟ್ಟಿಲು ಮಾಡಿ ಗೊಂಬೆ ಕೂರಿಸಿದ್ದರು. ಪಟ್ಟದ ಗೊಂಬೆಗಳ ಪಕ್ಕ ಮಕ್ಕಳು ತಂದಿಟ್ಟ ಪ್ಲಾಸ್ಟಿಕ್ ರೈಲುಗಳೂ ಇದ್ದವು. ನಾನು ವರ್ಷಕ್ಕೊಮ್ಮೆ ಉಡುವ ಮೈಸೂರು ರೇಷ್ಮೆ ಉಟ್ಟಿದ್ದೆ. ಸೆರಗಿಗೊಂದು, ನೆರಿಗೆಗೊಂದು ಪಿನ್ನು. ಅರಿಶಿನ ಕುಂಕುಮ ಕೊಟ್ಟಾಗ ಎಲ್ಲರಂತೆ ಮಾಂಗಲ್ಯಕ್ಕೂ ಒಂದು ಚೂರು ಹಚ್ಚಿಕೊಂಡೆ. ಸಂಜೆ ಮನೆಗೆ ಬಂದು ಸೀರೆ ಬಿಚ್ಚುವಾಗ ಆ ಎರಡು ಪಿನ್ನುಗಳನ್ನು ಏನು ಮಾಡಿದೆ ಎಂದು ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಯೋಚಿಸದೆ ಹೇಳುತ್ತಾಳೆ. ನಮ್ಮಮ್ಮ ಮಾಡುತ್ತಿದ್ದದ್ದು ಅದೇ, ದೊಡ್ಡಮ್ಮ ಮಾಡುತ್ತಿದ್ದದ್ದು ಅದೇ. ಸರಕ್ಕೆ ಸಿಕ್ಕಿಸಿಕೊಂಡೆ. ಸಿಕ್ಕಿಸಿಕೊಂಡದ್ದು ನನಗೇ ತಿಳಿಯಲಿಲ್ಲ, ಕೈಗೆ ಅಷ್ಟು ರೂಢಿ.

ಸೋಮವಾರ ಬೆಳಿಗ್ಗೆ ಇಶಿಕಾವಾ ಸಾನ್ ಬೇಗ ಬಂದು ಕ್ಷೇತ್ರ ಏರಿಸಿ ಇಟ್ಟಿದ್ದರು. ಆ ವಾರ ಪೂರ್ತಿ ಯಂತ್ರ ನನ್ನ ಪಾಲಿನದು. ಸಭೆಗೆ ಮೊದಲು ನಾನು ತೋರಿಸಬೇಕಿದ್ದ ಅಳತೆಗಳೆಲ್ಲ ಆ ವಾರದಲ್ಲೇ ಆಗಬೇಕು. ಹಳದಿ ಗೆರೆಯ ಮುಂದೆ ನಿಂತು ಪಟ್ಟಿ ಕೂಗಿದೆ. ಕೊನೆಯ ಸಾಲಿಗೆ ಬಂದಾಗ ಅಂಗಿಯ ಮೇಲಿಂದಲೇ ಎದೆಗೆ ಬೆರಳು ತೋರಿಸಿ, "ಸರ, ಚಿನ್ನ, ಯೋಶಿ!" ಅಂದೆ. ಕಣ್ಣು ಆಗಲೇ ಯಂತ್ರದ ಮೇಲಿತ್ತು.

ಮೆಟ್ಟಿಲು ಹತ್ತಿ, ಮಾದರಿಯಿಟ್ಟ ಕಡ್ಡಿಯನ್ನು ಕೊಳವೆಗೆ ಇಳಿಸಲು ಬಗ್ಗಿದೆ. ಸರ ಕಾಲರಿನಿಂದ ಜೋತುಬಿತ್ತು. ಯಾರೋ ಮುಂದಿನಿಂದ ಹಿಡಿದು ಜಗ್ಗಿದ ಹಾಗಾಯಿತು, ಒಂದೇ ಒಂದು ಸಲ. ಒಳಗೆ ಎಲ್ಲೋ 'ಟಕ್' ಅಂತು. ಹಿಂದಕ್ಕೆ ಸರಿದೆ. ಕಡ್ಡಿ ಇಳಿಸಿ ನೋಡಿದರೆ ಅರ್ಧ ಹೋಗಿ ನಿಂತಿತು. ಒತ್ತಬಾರದು ಎಂಬಷ್ಟು ಬುದ್ಧಿ ಇತ್ತು. ಇಶಿಕಾವಾ ಸಾನ್ ಅವರನ್ನು ಕರೆದೆ.

ಅವರು ಪ್ಲಾಸ್ಟಿಕ್ ಕೋಲಿನ ತುದಿಗೆ ಪುಟ್ಟ ಕನ್ನಡಿ ಅಂಟಿಸಿ ಒಳಗೆ ಇಳಿಬಿಟ್ಟು ಬಹಳ ಹೊತ್ತು ನೋಡಿದರು. "ಏನೋ ಹೊಳೆಯುತ್ತಿದೆ. ಕ್ಷೇತ್ರ ಇಳಿಸಬೇಕು" ಅಂದರು. ಇಳಿಸಲು ಮಧ್ಯಾಹ್ನದವರೆಗೆ ಬೇಕು. ನಾನು ಗೆರೆಯ ಹೊರಗೆ ಬಂದು, ಶೌಚಾಲಯದ ಕನ್ನಡಿಯ ಮುಂದೆ ನಿಂತು ಸರ ಎಳೆದು ನೋಡಿದೆ. ಒಂದು ಪಿನ್ನು ನೇತಾಡುತ್ತಿತ್ತು. ಇನ್ನೊಂದು ಇರಲಿಲ್ಲ. ಅದನ್ನು ಸರಿಯಾಗಿ ಮುಚ್ಚಿರಲಿಲ್ಲವೋ, ಸೆಳೆತಕ್ಕೆ ಬಿಚ್ಚಿಕೊಂಡಿತೋ. ಉಕ್ಕಿನ ಪಿನ್ನು, ಅಯಸ್ಕಾಂತದ ಬಾಯಿ. ಕಬ್ಬಿಣವನ್ನು ಎಳೆಯುವ ಬಲ ಕ್ಷೇತ್ರ ಎಷ್ಟು ದೊಡ್ಡದು ಎಂಬುದರ ಮೇಲೆ ಮಾತ್ರವಲ್ಲ, ಗೇಣು ದೂರದಲ್ಲಿ ಅದು ಎಷ್ಟು ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಸುರುಳಿಯ ಅಂಚಿನ ಕಡೆಗೇ ಆ ಬದಲಾವಣೆ ಜೋರು. ಇದನ್ನು ನಾನೇ ಎಷ್ಟು ಜನಕ್ಕೆ ಪಾಠ ಮಾಡಿದ್ದೇನೋ.

ಉಳಿದ ಪಿನ್ನನ್ನು ಕಿತ್ತು ಕೈಚೀಲದ ತಳಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ, ತಪ್ಪು ನಡೆದದ್ದು ಮೆಟ್ಟಿಲ ಮೇಲಲ್ಲ, ಆ ಕನ್ನಡಿಯ ಮುಂದೆ.

ಮಧ್ಯಾಹ್ನ ಇಶಿಕಾವಾ ಸಾನ್ ಪ್ಲಾಸ್ಟಿಕ್ ಚಿಮುಟದಿಂದ ಅದನ್ನು ಹೊರಗೆ ತೆಗೆದು ಬಿಳಿ ಕಾಗದದ ಮೇಲಿಟ್ಟರು. ಬಾಯಿ ತೆರೆದಿದ್ದ ಪಿನ್ನು. ನಾನು "ಅದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಡ್ರಾಯರಿನ ಬಳಿ ಹೋಗಿ ಶನಿವಾರದ ತೋಳಪಟ್ಟಿ ತಂದರು. ಅದರಲ್ಲಿ ಪಿನ್ನು ಹಾಕುವ ಎರಡು ತೂತಿದ್ದವು, ಪಿನ್ನಿರಲಿಲ್ಲ.

"ನನ್ನದು" ಅಂದರು. "ಮಕ್ಕಳಿಗೆ ತೋರಿಸುವಾಗ ಕೊಳವೆಯೊಳಗೆ ಬಿದ್ದಿರಬೇಕು. ಪಿನ್ನು ತೆಗೆದು ಬಿಸಾಡಿ, ಕಾಗದದ ಟೇಪಿನಲ್ಲಿ ಅಂಟಿಸಿಕೊಂಡಿದ್ದೆ ಅಂತ ನನ್ನ ನೆನಪು. ಯಾವಾಗಲೂ ಹಾಗೇ ಮಾಡುವುದು. ಆದರೆ ಇಲ್ಲಿ ಪಿನ್ನೇ ಸಿಕ್ಕಿದೆಯಲ್ಲ." ಆ ಮೇಲೆ ನನ್ನ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದರು. "ಸುಮಿಮಾಸೆನ್. ನಿಮ್ಮ ಒಂದು ದಿನ ಹಾಳಾಯಿತು."

ಆಗ ನನ್ನ ಬಾಯಿಂದ ಬಂದದ್ದು "ಓ, ಹೌದಾ" ಎಂಬುದಷ್ಟೇ. ಇವತ್ತು ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ಅಲ್ಲಿ ಇಂಥದ್ದು ಏನಾದರೂ ಆದರೆ ಒಂದು ವರದಿ ಬರೆಯಬೇಕು. ಅಪಘಾತ ಆಗಲಿಲ್ಲ, ಆಗಬಹುದಿತ್ತು ಎಂಬುದರ ವರದಿ. ಮಂಗಳವಾರದ ಬೆಳಗಿನ ಸಭೆಯಲ್ಲಿ ಇಶಿಕಾವಾ ಸಾನ್ ನಿಂತು ತಮ್ಮದನ್ನು ಓದಿದರು. ಪಿನ್ನನ್ನು ಚೀಟಿ ಅಂಟಿಸಿದ ಪುಟ್ಟ ಚೀಲದಲ್ಲಿ ಹಾಕಿ ಜೊತೆಗಿಟ್ಟಿದ್ದರು. "ಪಿನ್ನಿನ ಸುರುಳಿಯಲ್ಲಿ ಹಳದಿ ಪುಡಿ ಕಂಡಿದೆ, ಏನೆಂದು ತಿಳಿಯದು" ಎಂದು ಅದನ್ನೂ ಬಿಡದೆ ಬರೆದಿದ್ದರು. ಯಾರೂ ಬೈಯಲಿಲ್ಲ. ನಮ್ಮ ಗುಂಪಿನ ಮುಖ್ಯಸ್ಥೆ ಮೊರಿತಾ ಸಾನ್, ತಿಳಿಸಿದ್ದಕ್ಕೆ ಧನ್ಯವಾದ ಎಂದು ಮುಂದಿನ ವಿಷಯಕ್ಕೆ ಹೋದರು. ಅಷ್ಟೇ ತಾನೇ, ಇವರಿಗೆ ಹೇಗೂ ನಿವೃತ್ತಿ, ನನಗಾದರೆ ಇಡೀ ಜೀವನ ಇದೆ ಎಂದು ನನ್ನೊಳಗಿನ ವಕೀಲೆ ವಾದ ಹೂಡಿದಳು.

ಮನೆಯಲ್ಲಿ ಪ್ರಸನ್ನನಿಗೆ ಹೇಳಿದೆ. ಅವನು ಊಟ ಬಿಟ್ಟು ನಗಲು ಶುರು ಮಾಡಿದ. "ಮಂಗಳಸೂತ್ರಕ್ಕೆ ಪಿನ್ ಹಾಕ್ಕೊಂಡ್ ಹೋಗಿದ್ಯಾ? ವಸು, ನೀನು ಮ್ಯಾಗ್ನೆಟಿಸಂನಲ್ಲಿ ಡಾಕ್ಟರೇಟ್ ಕಣೇ!"

"ನಗಬೇಡ. ಅವ್ರು ತಮ್ ಮೇಲೆ ಹಾಕ್ಕೊಂಡಿದ್ದಾರೆ."

"ಯಾರಿಗೂ ಏನೂ ಆಗಿಲ್ವಲ್ಲ. ರಿನ್ಯೂವಲ್ ಮೀಟಿಂಗ್ ಮುಗೀಲಿ, ಆಮೇಲೆ ಹೇಳಿದ್ರಾಯ್ತು. ಈಗ ಸುಮ್ನೆ ರಿಸ್ಕ್ ಯಾಕೆ?"

ನನಗೆ ಬೇಕಾಗಿದ್ದ ಮಾತೇ ಅದು. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಆದರೆ ದಿನ ಕಳೆದಂತೆ ಇಶಿಕಾವಾ ಸಾನ್ ಬದಲಾಗುತ್ತಾ ಹೋದರು. ಕವಾಟ ಮುಚ್ಚಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ವಾಪಸು ಬಂದು ನೋಡುವರು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಬಂತು. ಏನು ಮಾಡಿದರೂ ಅದರಲ್ಲಿ ಗೀಚುವರು. ಗುರುವಾರ, "ವಸುಧಾ ಸಾನ್, ಹೀಲಿಯಂ ಮಟ್ಟ ನಾನು ನಿಮಗೆ ಹೇಳಿದೆನೋ?" ಎಂದು ಕೇಳಿದರು. ಐದು ನಿಮಿಷದ ಹಿಂದೆ ಹೇಳಿದ್ದರು. ಪಂಪಿನ ಸದ್ದು ಕೇಳಿ ಕತ್ತೆತ್ತುತ್ತಿದ್ದ ಮನುಷ್ಯ ಈಗ, "ಸದ್ದು ಬದಲಾಗಿದೆಯೋ, ನನಗೆ ಹಾಗೆ ಅನಿಸುತ್ತಿದೆಯೋ?" ಎಂದು ನನ್ನನ್ನು ಕೇಳುವರು. ನನ್ನ ಅಳತೆಗಳು ಮಾತ್ರ ಎಂದೂ ಬಾರದಷ್ಟು ಚೆನ್ನಾಗಿ ಬರುತ್ತಿದ್ದವು. ರೇಖಾಚಿತ್ರ ನೋಡಿ ಸಂತೋಷಪಡಲು ಹೋದರೆ ಅವರ ಬೆನ್ನು ಕಾಣಿಸುತ್ತಿತ್ತು.

ಪಿನ್ನು ಸಿಕ್ಕ ಎಂಟನೆಯ ದಿನ, ಮುಂದಿನ ಮಂಗಳವಾರ ಸಂಜೆ, ಐದು ಗಂಟೆಗೆ ಅವರು ಬೂಟು ಹಾಕಿಕೊಳ್ಳುತ್ತಾ ಹೇಳಿದರು: "ನಾಳೆ ಬೆಳಿಗ್ಗೆ ಹೀಲಿಯಂ ತುಂಬಿಸಿ ಹತ್ತು ಗಂಟೆಗೆ ಹೊರಡುತ್ತೇನೆ. ಆಸ್ಪತ್ರೆಗೆ ಹೋಗಬೇಕು."

"ಹುಷಾರಿಲ್ಲವೇ?"

"ಮೈಗೇನೂ ಇಲ್ಲ." ತಲೆಯ ಪಕ್ಕ ಬೆರಳಿನಿಂದ ತೋರಿಸಿದರು. "ಮರೆವಿನ ಪರೀಕ್ಷೆ. ನಮ್ಮಣ್ಣನಿಗೂ ಹೀಗೇ ಸಣ್ಣ ವಿಷಯದಿಂದ ಶುರುವಾಯಿತು. ಈಗ ಅವನಿಗೆ ನಾನು ಯಾರೆಂದು ಗೊತ್ತಿಲ್ಲ." ಲೇಸು ಬಿಗಿದು ಎದ್ದರು. "ಟೇಪು ಹರಿದ ಸದ್ದು ಕೂಡ ನನಗೆ ನೆನಪಿದೆ, ವಸುಧಾ ಸಾನ್. ಬೆರಳಿಗೆ ಅಂಟಿದ್ದೂ ನೆನಪಿದೆ. ಅಷ್ಟು ಸ್ಪಷ್ಟವಾಗಿ ನೆನಪಿರುವುದೇ ಸುಳ್ಳಾದರೆ, ಇನ್ನು ನಾನು ಆ ಯಂತ್ರ ಮುಟ್ಟಬಾರದು. ಮಾರ್ಚಿನವರೆಗೂ ಕಾಯುವುದು ಸರಿಯಲ್ಲ ಅಂತ ಮೊರಿತಾ ಸಾನ್‌ಗೆ ಹೇಳಬೇಕೆಂದಿದ್ದೇನೆ." ಎಂದಿನಂತೆ "ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ" ಎಂದು ಹೇಳಿ ಹೋಗಿಬಿಟ್ಟರು.

ಓಡಿ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಸೈಕಲ್ ಹತ್ತಿ ಮನೆಗೆ ಬಂದೆ, ಪ್ರಸನ್ನ ಬಂದ ಮೇಲೆ ಅಡಿಗೆಮನೆಯ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಈ ಸಲ ಅವನು ನಗಲಿಲ್ಲ. ಬ್ಯಾಗು ಕೂಡ ಕೆಳಗಿಡಲಿಲ್ಲ.

"ಅಯ್ಯೋ. ನಾನು ಏನೇನೋ ಹೇಳ್ಬಿಟ್ಟೆ ನಿಂಗೆ" ಅಂದ. "ಅವ್ರಿಗೆ ಹುಚ್ಚು ಹಿಡಿಸ್ತಾ ಇದೀವಿ ಕಣೇ ನಾವು. ರಿನ್ಯೂವಲ್ ಹೋದ್ರೆ ಹೋಗ್ಲಿ. ನಾಳೆ ಫಸ್ಟ್ ಥಿಂಗ್ ಹೇಳ್ಬಿಡು."

"ಬೈದ್ರೆ?"

"ಬೈಸ್ಕೋ."

ಬುಧವಾರ ಎಂಟು ಗಂಟೆಗೇ ಹೋಗಿ ಕೂತೆ. ಇಶಿಕಾವಾ ಸಾನ್ ಬಂದರು, ಹೀಲಿಯಂ ತುಂಬಿಸಿದರು, ಪುಸ್ತಕದಲ್ಲಿ ಬರೆದರು, ಮತ್ತೆ ಹೋಗಿ ಮಟ್ಟ ನೋಡಿದರು. ನಾನು ಕೈಚೀಲದ ತಳದಿಂದ ಆ ಎರಡನೆಯ ಪಿನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಜಪಾನಿ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ಆ ಪಿನ್ನು ನನ್ನದು. ಇದರ ಜೊತೆಯದು. ನನ್ನ ಸರದಲ್ಲಿತ್ತು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಸರ ಹೊರಗೆಳೆದು, ಪಿನ್ನನ್ನು ಸಿಕ್ಕಿಸಿ ತೋರಿಸಿದೆ. ಸೀರೆ, ಸೆರಗು, ಭಾನುವಾರದ ಹಬ್ಬ, ನಮ್ಮಲ್ಲಿ ಹೆಂಗಸರು ಪಿನ್ನು ಇಟ್ಟುಕೊಳ್ಳುವುದು ಇಲ್ಲೇ ಎಂಬುದು, ಬಗ್ಗಿದಾಗ ಜಗ್ಗಿದ್ದು, 'ಟಕ್' ಅಂದದ್ದು, ಕನ್ನಡಿಯ ಮುಂದೆ ನಿಂತದ್ದು, ಎಲ್ಲವನ್ನೂ ಕಲಸುಮೇಲೋಗರ ಭಾಷೆಯಲ್ಲಿ ಹೇಳಿದೆ. ಅವರು ಕಪಾಟಿನಿಂದ ವರದಿಯ ಜೊತೆಗಿದ್ದ ಚೀಲ ತಂದು ಎರಡು ಪಿನ್ನುಗಳನ್ನೂ ಅಕ್ಕಪಕ್ಕ ಇಟ್ಟರು. ಒಂದೇ ಅಳತೆ. ಎರಡರ ಸುರುಳಿಯಲ್ಲೂ ಹಳದಿ.

"ಈ ಪುಡಿ?"

"ಅರಿಶಿನ" ಅಂದೆ. ಜಪಾನಿಯಲ್ಲಿ ಅದಕ್ಕೆ ಉಕೊನ್ ಅನ್ನುತ್ತಾರೆ. "ಹಬ್ಬದ ದಿನ ಸರಕ್ಕೆ ಹಚ್ಚುತ್ತೇವೆ."

ಅವರು ಮೊದಲು ಕೇಳಿದ್ದು ಇದು: "ಕುತ್ತಿಗೆಗೆ ಚುಚ್ಚಲಿಲ್ಲವೇ? ಕಣ್ಣಿಗೆ ಹತ್ತಿರ ಇತ್ತೇ?" ಇಲ್ಲ, ಇಲ್ಲ ಎಂದು ತಲೆಯಾಡಿಸಿದೆ. ಆಗ ಅವರು ಕುರ್ಚಿಯಲ್ಲಿ ಕುಳಿತರು. ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಈಗ ಬೈಯುತ್ತಾರೆ, ಬೈದರೆ ಒಳ್ಳೆಯದು ಎಂದು ಕಾದೆ.

ಆ ಮೇಲೆ ಏನಾಯಿತು ಎಂಬ ಕುತೂಹಲ ಇರುವವರಿಗಾಗಿ ಉಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವತ್ತೇ ಮಧ್ಯಾಹ್ನ ಮೊರಿತಾ ಸಾನ್ ಅವರ ಬಳಿಗೆ ಹೋದೆ. ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದರು: ಒಂಬತ್ತು ದಿನ ಯಾಕೆ? ಕರಾರು ಹೋಗುತ್ತದೆ ಎಂಬ ಭಯ, ಅಂದೆ. "ಅದನ್ನೂ ಕಾರಣದ ಕೆಳಗೆ ಬರೆಯಿರಿ. ಆ ಭಯ ನಿಮ್ಮೊಬ್ಬರಿಗೇ ಇರುವುದಲ್ಲ" ಅಂದರು. ಹೊಸ ವರದಿಯನ್ನು ನನ್ನ ಹೆಸರಿನಲ್ಲಿ ಬರೆದು ಬೆಳಗಿನ ಸಭೆಯಲ್ಲಿ ನಿಂತು ಓದಿದೆ, ಮುಖ ಸುಟ್ಟುಕೊಂಡು. ಕರಾರು ಒಂದು ವರ್ಷಕ್ಕೆ ಮುಂದುವರಿಯಿತು. ಕೋಣೆಯ ಪಟ್ಟಿಗೆ "ಸರಕ್ಕೆ ಸಿಕ್ಕಿಸಿದ ಪಿನ್ನು" ಎಂದು ಒಂದು ಸಾಲು ಸೇರಿತು. ಜಪಾನಿನ ಯುವಕರು ಅದನ್ನು ಕೂಗುವಾಗ ಯಾಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆದರೆ ನನಗೆ ಆ ವರ್ಷ ಅಂದರೆ ನೆನಪಾಗುವುದು ಕರಾರಲ್ಲ, ಆ ಬುಧವಾರದ ಬೆಳಗು. ಇಶಿಕಾವಾ ಸಾನ್ ನೆಲ ನೋಡುತ್ತಲೇ, ಬಹಳ ಮೆಲ್ಲಗೆ, "ಹಾಗಾದರೆ ನಾನು ಟೇಪು ಹಾಕಿದ್ದೆ" ಅಂದರು.

"ಹಾಕಿದ್ದಿರಿ" ಅಂದೆ.

"ಹಾಕಿದ್ದೆ" ಎಂದು ಇನ್ನೊಮ್ಮೆ ಹೇಳಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ನನಗೆ ಮೊದಲು ಗೊತ್ತಾಗಲಿಲ್ಲ. ತಲೆಯೆತ್ತಿದಾಗ ನೋಡಿದರೆ ಎರಡೂ ಇತ್ತು. "ಒಂದು ನಿಮಿಷ, ಸುಮಿಮಾಸೆನ್" ಎಂದು ತಟ್ಟೆಯಲ್ಲಿದ್ದ ಫೋನು ತೆಗೆದುಕೊಂಡು ಹೊರಗಿನ ಮೊಗಸಾಲೆಗೆ ಹೋದರು. ಬಾಗಿಲು ತೆರೆದೇ ಇತ್ತು. ಹೆಂಡತಿಗೆ ಫೋನು ಮಾಡಿ, ಅಷ್ಟು ವರ್ಷದಲ್ಲಿ ನಾನು ಅವರಿಂದ ಕೇಳಿರದಷ್ಟು ಜೋರಾಗಿ, ಬಸ್ಸು ಹಿಡಿಯಲು ಓಡುವವರ ಹಾಗೆ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. "ನಿಮ್ಮ ಜೊತೆ ಮಾತಾಡಬೇಕಂತೆ."

ನಾನು ಆಕೆಯನ್ನು ಎಂದೂ ನೋಡಿರಲಿಲ್ಲ. ಫೋನು ಕಿವಿಗಿಟ್ಟು, ಬಗ್ಗಿ, ಕ್ಷಮೆ ಕೇಳಲು ಶುರು ಮಾಡಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. "ಅರಿಗಾತೋ" ಅಂದರು, ಮತ್ತೆ ಮತ್ತೆ ಅದೇ ಧನ್ಯವಾದ. ಆ ಮೇಲೆ, ನನಗೆ ಅರ್ಥವಾಗಲಿ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಒಂಬತ್ತು ದಿನ ಆಯಿತು. ದಿನಾ ಮಲಗುವ ಮೊದಲು ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು ಹೇಳಿಕೊಳ್ಳುತ್ತಿದ್ದರು, ಮರೆತಿಲ್ಲ ತಾನೇ ಅಂತ. ಇವತ್ತು ನಿದ್ದೆ ಮಾಡುತ್ತಾರೆ."